ದೋಷಸಂಕೇತ ಮತ್ತು ದುರಸ್ತಿ ವೆಚ್ಚ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನಕವು ಜಾರಿಗೆ ಬಂದ ಮೇಲೆ, ಭಾರಿ ಡೀಸೆಲ್ ಲಾರಿಗಳ ಹೊಗೆ ಶುದ್ಧೀಕರಣ ವ್ಯವಸ್ಥೆಯು ಸಾಗಣೆದಾರರ ಲೆಕ್ಕಪುಸ್ತಕದಲ್ಲಿ ಗಮನಾರ್ಹ ವೆಚ್ಚದ ಬಾಬಾಗಿದೆ. ಶೇ. 32.5ರ ಯೂರಿಯಾ ದ್ರಾವಣವನ್ನು ಹೊಗೆಗೆ ಸಿಂಪಡಿಸಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ಈ ವ್ಯವಸ್ಥೆಯಲ್ಲಿ ದೋಷ ಕಂಡರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಅಲಕ್ಷಿಸಿದಲ್ಲಿ ಎಂಜಿನ್ನಿನ ಶಕ್ತಿ ಕುಗ್ಗಿ, ಸರಕು ತಲುಪುವುದು ತಡವಾಗುತ್ತದೆ.

ಜೆ-1939 ಪದ್ಧತಿಯ ದೋಷಸಂಕೇತದಲ್ಲಿ ಎಸ್‌ಪಿಎನ್ ಸಂಖ್ಯೆಯು ದೋಷದ ಸ್ಥಾನವನ್ನೂ, ಎಫ್‌ಎಂಐ ಸಂಖ್ಯೆಯು ಅದರ ಬಗೆಯನ್ನೂ ಸೂಚಿಸುತ್ತದೆ. ಉದಾಹರಣೆಗೆ, ಎಸ್‌ಪಿಎನ್ 3226 ಹೊಗೆ ಹೊರಬೀಳುವೆಡೆಯ ನಾಕ್ಸ್ ಅಳತೆಗೆ ಸಂಬಂಧಿಸಿದುದು. ಎಫ್‌ಎಂಐ 3 ಎಂದರೆ ವೋಲ್ಟೇಜ್ ಅಧಿಕ. 4 ಎಂದರೆ ಕಡಿಮೆ. 5 ಎಂದರೆ ವಿದ್ಯುತ್ ಪ್ರವಾಹ ಕಡಿಮೆ ಅಥವಾ ಮಂಡಲ ಕಡಿದಿದೆ. 6 ಎಂದರೆ ಪ್ರವಾಹ ಅಧಿಕ ಅಥವಾ ತಂತಿ ಭೂಸಂಪರ್ಕಕ್ಕೆ ತಗಲಿದೆ.

ಇವು ಮಂಡಲದ ಲಕ್ಷಣಗಳೇ ಹೊರತು ಬಿಡಿಭಾಗ ಕೆಟ್ಟಿದೆಯೆಂಬ ತೀರ್ಪಲ್ಲ. ತಾಳೆಪಟ್ಟಿಯ ವ್ಯತ್ಯಾಸವು ತಪ್ಪು ಇದೆಯೆಂದು ಹೇಳುತ್ತದೆ, ಯಾವ ನಮೂದಿನಲ್ಲೆಂದು ಹೇಳದು, ಸಂಕೇತವೂ ಹಾಗೆಯೇ. ಆದುದರಿಂದ ದುಬಾರಿ ಸೆನ್ಸರನ್ನು ಬದಲಿಸುವ ಮುನ್ನ ಬ್ಯಾಟರಿ ವೋಲ್ಟೇಜ್, ಫ್ಯೂಸ್, ಭೂಸಂಪರ್ಕ, ಕಿಲುಬು ಹಿಡಿದ ಕನೆಕ್ಟರ್, ಬಿಸಿ ಕೊಳವೆಗೆ ತಾಗಿ ಸುಟ್ಟ ತಂತಿ ಇವನ್ನು ಕ್ರಮವಾಗಿ ಪರೀಕ್ಷಿಸಬೇಕು. ಸೆನ್ಸರಿನಿಂದ ಸಂದೇಶವೇ ಬಾರದಿದ್ದಲ್ಲಿ, ಬ್ಯಾಟರಿ ಕಳಚಿ ಕ್ಯಾನ್ ಜಾಲದ ಎರಡು ತಂತಿಗಳ ನಡುವಣ ರೋಧವನ್ನು ಅಳೆಯಬೇಕು. ಅದು ಸುಮಾರು 60 ಓಮ್ ಇರತಕ್ಕದ್ದು. 120 ಬಂದರೆ ಜಾಲದ ಒಂದು ಕಡೆ ಸಂಪರ್ಕ ತಪ್ಪಿದೆಯೆಂದು ತಿಳಿಯಬೇಕು.

ಮಾಲೀಕರು ದುರಸ್ತಿಯ ಬಿಲ್ಲಿನೊಡನೆ ದೋಷಸಂಕೇತ, ಅಳತೆಯ ಅಂಕಿ, ತೆಗೆದ ಹಳೆಯ ಭಾಗ ಈ ಮೂರನ್ನೂ ಕೇಳಿ ಪಡೆಯುವುದು ಲೇಸು. ಅಳತೆಯಿಲ್ಲದೆ ಮಾಡಿದ ಬದಲಾವಣೆಯು ವೋಚರಿಲ್ಲದ ಪಾವತಿಗೆ ಸಮಾನ.