ತೋಟದ ನಾಯಿಗೆ ಆಟದ ಪಾಠ

ಗೊಬ್ಬರದ ಲೆಕ್ಕ, ಬೋರ್ಡೋ ದ್ರಾವಣದ ಪ್ರಮಾಣ, ಮೆಣಸಿನ ಬಳ್ಳಿಯ ಸೊರಗು ರೋಗ, ಅಡಿಕೆಯ ಕೊಳೆರೋಗ ಇವೆಲ್ಲವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಆಗಾಗ್ಗೆ ಬರೆಯುತ್ತ ಬಂದಿದ್ದೇವೆ. ತೋಟದ ಕಾವಲಿಗೆಂದು ಸಾಕುವ ನಾಯಿಯ ಬಗ್ಗೆ ಮಾತ್ರ ಬರೆದದ್ದು ಕಡಿಮೆ. ನಾಯಿ ಸಾಕುವುದರಲ್ಲಿ ಹೊಸದಾಗಿ ಕಲಿಯುವುದೇನಿದೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಹೆಚ್ಚಿನ ತೋಟಗಳಲ್ಲಿ ನಡೆಯುವ ಕ್ರಮ ಒಂದೇ. ಮರಿ ತರುತ್ತಾರೆ, ನಾಲ್ಕು ದಿನ ಮುದ್ದು ಮಾಡುತ್ತಾರೆ, ಬೆಳೆದ ಮೇಲೆ ಕಣದ ಮೂಲೆಯಲ್ಲಿ ಸರಪಳಿ ಹಾಕಿ ಕಟ್ಟುತ್ತಾರೆ, ರಾತ್ರಿ ಬಿಡುತ್ತಾರೆ. ತಪ್ಪು ಮಾಡಿದರೆ ಕೋಲು. ಇಷ್ಟರಿಂದ ಬೊಗಳುವ ನಾಯಿ ಸಿಗುತ್ತದೆಯೇ ಹೊರತು ಮಾತು ಕೇಳುವ ನಾಯಿ ಸಿಗುವುದಿಲ್ಲ.

ಪಟ್ಟಣದ ಮನೆಯಲ್ಲಿ ಮಾತು ಕೇಳದ ನಾಯಿ ಬರೀ ತೊಂದರೆಯಾದರೆ, ಮಲೆನಾಡಿನ ತೋಟದಲ್ಲಿ ಅದು ಅಪಾಯ. ಕರೆದರೆ ಬಾರದ ನಾಯಿ ಕತ್ತಲಾದ ಮೇಲೆ ಹೊರಗುಳಿದು ಚಿರತೆಯ ಪಾಲಾಗುತ್ತದೆ. ಬೇಲಿಯಾಚೆ ಯಾರೋ ಹಂದಿಗೆ ಹಾಕಿದ ಉರುಳಿಗೆ ಸಿಕ್ಕಿಕೊಳ್ಳುತ್ತದೆ. ಆನೆ ಓಡಾಡುವ ಕಡೆಯಲ್ಲಂತೂ ಹೇಳಲೇಬೇಕಾಗಿಲ್ಲ. ಬೊಗಳುತ್ತ ಆನೆಯ ಮೇಲೆ ಹೋದ ನಾಯಿ, ಆನೆ ತಿರುಗಿ ಬಿದ್ದಾಗ ಓಡಿಬರುವುದು ಯಜಮಾನನ ಕಾಲಬುಡಕ್ಕೇ. ಆದ್ದರಿಂದ ನಾಯಿಗೆ ಕಲಿಸುವುದು ಶೋಕಿಯ ಮಾತಲ್ಲ, ತೋಟದ ಸುರಕ್ಷತೆಯ ಒಂದು ಭಾಗವೆಂದೇ ನಾವು ಭಾವಿಸುತ್ತೇವೆ.

ಕೋಲು ಏಕೆ ಕಲಿಸುವುದಿಲ್ಲ?

ದಂಡ ದಶಗುಣ ಎಂಬ ಮಾತಿದೆ. ನಾಯಿಯ ಬಾಲ ಎಂದಿದ್ದರೂ ಡೊಂಕೇ ಎಂಬ ಗಾದೆಯೂ ಇದೆ. ನಾಯಿ ಕಲಿಯುವ ಬಗೆಯನ್ನು ತಿಳಿದವರು ಇವೆರಡನ್ನೂ ಒಪ್ಪುವುದಿಲ್ಲ. 1898ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಾಣಿಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಅವು ಬಾಗಿಲು ತೆರೆದು ಹೊರಬರಲು ಕಲಿಯುವ ಬಗೆಯನ್ನು ಪರೀಕ್ಷಿಸಿ ಪ್ರಕಟಿಸಿದರು. ಯಾವ ಕೆಲಸದ ಬೆನ್ನಿಗೇ ತೃಪ್ತಿ ದೊರೆಯುತ್ತದೆಯೋ ಆ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ ಎಂಬುದು ಅದರ ಸಾರ. 1951ರಲ್ಲಿ ಸ್ಕಿನ್ನರ್ ಅವರು ಒಂದು ಸಣ್ಣ ಸದ್ದು ಹಾಗೂ ತಿನಿಸಿನ ತುಣುಕುಗಳಿಂದ ನಾಯಿಗೆ ಕಲಿಸುವ ಕ್ರಮವನ್ನು ಸಾಮಾನ್ಯ ಓದುಗರಿಗೆಂದೇ ಬರೆದರು. ಇಂದು ಒಳ್ಳೆಯ ತರಬೇತಿಯೆಲ್ಲ ಈ ತಳಹದಿಯ ಮೇಲೆಯೇ ನಿಂತಿದೆ.

ಇದರಲ್ಲಿ ಮುಖ್ಯವಾದುದು ‘ಬೆನ್ನಿಗೇ’ ಎಂಬ ಮಾತು. ಬೆಳಿಗ್ಗೆ ಚಪ್ಪಲಿ ಕಚ್ಚಿದ ನಾಯಿಗೆ ಮಧ್ಯಾಹ್ನ ಹೊಡೆದರೆ, ಏಟು ಚಪ್ಪಲಿಗಾಗಿ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಯಜಮಾನರು ಹತ್ತಿರ ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ ಅದು ಕಲಿಯುವ ಪಾಠ. ಎರಡು ಸಲ ಹೀಗಾದರೆ ಕರೆದಾಗ ಬರುವುದನ್ನು ಅದು ನಿಲ್ಲಿಸುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಗುರ್ರೆನ್ನುವುದು ನಾಯಿ ಕೊಡುವ ಎಚ್ಚರಿಕೆ. ಗುರ್ರೆಂದಾಗಲೆಲ್ಲ ಹೊಡೆದರೆ ನಾಯಿ ಗುರ್ರೆನ್ನುವುದನ್ನು ಬಿಟ್ಟೀತು, ಅದರ ಭಯ ಮಾತ್ರ ಹೋಗದು. ಮುಂದೆ ಅದು ಎಚ್ಚರಿಕೆಯನ್ನೇ ಕೊಡದೆ ಕಚ್ಚುತ್ತದೆ.

ಪಾಠಕ್ಕೆ ಮುಂಚೆ ತಿಳಿದಿರಬೇಕಾದದ್ದು

1. ಬಹುಮಾನ: ಕಡಲೆಕಾಳಿನ ಗಾತ್ರದ ತುಣುಕು ಸಾಕು. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಮಾಂಸ ಅಥವಾ ಮೊಟ್ಟೆ ಒಳ್ಳೆಯದು. ಮಾಂಸ ಮಾಡದ ಮನೆಗಳಲ್ಲಿ ರೊಟ್ಟಿಯ ಚೂರೂ ನಡೆಯುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಕೊಡಬಾರದು. ಪಾಠದಲ್ಲಿ ತಿಂದಷ್ಟನ್ನು ಊಟದಲ್ಲಿ ಕಡಿಮೆ ಮಾಡಬೇಕು.

2. ಮೆಚ್ಚುಗೆಯ ಮಾತು: ‘ಭೇಷ್’ ಎಂಬಂತಹ ಒಂದು ಚಿಕ್ಕ ಮಾತನ್ನು ಆರಿಸಿಕೊಳ್ಳಿ. ನಾಯಿ ಸರಿಯಾದುದನ್ನು ಮಾಡಿದ ಕ್ಷಣವೇ ಆ ಮಾತು, ಕೂಡಲೇ ತುಣುಕು. ಕೆಲವು ದಿನಗಳಲ್ಲಿ ಆ ಮಾತೇ ಅದಕ್ಕೆ ಸಿಹಿಯಾಗುತ್ತದೆ.

3. ಸಮಯ: ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಅಥವಾ ಮೂರು ಸಲ, ಊಟಕ್ಕೆ ಮೊದಲು. ನಾಯಿಗೆ ಬೇಸರವಾಗುವ ಮುಂಚೆ ನೀವೇ ನಿಲ್ಲಿಸಬೇಕು.

4. ಒಂದೇ ಮಾತು: ಯಜಮಾನರು ‘ಬಾ’ ಎಂದು, ಮಕ್ಕಳು ‘ಕಮ್’ ಎಂದು, ಮೇಸ್ತ್ರಿ ಬರೀ ಸಿಳ್ಳೆ ಹಾಕಿ ಕರೆದರೆ ನಾಯಿ ಯಾವುದನ್ನು ಕೇಳಬೇಕು? ಲೈನ್ ಮನೆಗಳಲ್ಲಿ ಬೇರೆ ಬೇರೆ ಭಾಷೆಯವರಿರುವುದರಿಂದ ಎಲ್ಲರೂ ಬಳಸುವ ಒಂದೊಂದು ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವಷ್ಟೆ. ಮರಿಗೆ ಮೂರನೆಯ ವಾರದಿಂದ ಸುಮಾರು ಹನ್ನೆರಡು-ಹದಿನಾಲ್ಕನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಆ ಅವಧಿಯಲ್ಲಿ ಅಂಜಿಕೆಯಿಲ್ಲದೆ ನೋಡಿದ್ದನ್ನೆಲ್ಲ ಅದು ತನ್ನ ಲೋಕದ ಭಾಗವೆಂದು ಸ್ವೀಕರಿಸುತ್ತದೆ. ಕಂಬಳಿ ಕೊಪ್ಪೆ ಹಾಕಿದವರು, ತಲೆಯ ಮೇಲೆ ಮೂಟೆ ಹೊತ್ತವರು, ಕೊಡೆ, ಜೀಪು, ಪಲ್ಪರ್‌ನ ಸದ್ದು, ಕಳೆ ಕತ್ತರಿಸುವ ಯಂತ್ರ ಎಲ್ಲವನ್ನೂ ದೂರದಿಂದ ತೋರಿಸಿ ತುಣುಕು ಕೊಡಿ. ಲಸಿಕೆಗಳು ಪೂರ್ಣವಾಗುವವರೆಗೆ ಮರಿಯನ್ನು ಕೈಯಲ್ಲಿ ಎತ್ತಿಕೊಂಡೇ ತಿರುಗಾಡಿಸಬೇಕು. ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬೇರ್ಪಡಿಸಬಾರದು. ಹಾಗೆಂದು ಬೆಳೆದ ನಾಯಿ ಕಲಿಯುವುದಿಲ್ಲವೆಂದು ತಿಳಿಯಬೇಡಿ. ಕಲಿಯುತ್ತದೆ, ಹೆಚ್ಚು ದಿನ ಹಿಡಿಯುತ್ತದೆ.

ಮೊದಲನೆಯ ಪಾಠ: ಬಾ

ಇದೊಂದನ್ನು ಕಲಿಸಿದರೆ ಉಳಿದುದು ಇಲ್ಲದಿದ್ದರೂ ಚಿಂತೆಯಿಲ್ಲ. ಮೊದಲು ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಹೆಸರು ಹಿಡಿದು ‘ಬಾ’ ಎನ್ನಿ. ಬಂದ ತಕ್ಷಣ ‘ಭೇಷ್’ ಮತ್ತು ತುಣುಕು. ಇಬ್ಬರು ಎದುರುಬದುರು ಕುಳಿತು ಸರದಿಯಂತೆ ಕರೆದರೆ ಮರಿಗೆ ಇದೊಂದು ಆಟವೇ ಆಗುತ್ತದೆ. ಮನೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಬಹುದು. ನಂತರ ಜಗಲಿ, ಆಮೇಲೆ ಅಂಗಳ, ಆಮೇಲೆ ಮೂವತ್ತು ಅಡಿ ಹಗ್ಗ ಕಟ್ಟಿಕೊಂಡು ತೋಟದ ಅಂಚು. ಒಂದು ಜಾಗದಲ್ಲಿ ಹತ್ತು ಸಲ ಕರೆದರೆ ಒಂಬತ್ತು ಸಲ ಬರುವಂತಾದ ಮೇಲೆಯೇ ಮುಂದಿನ ಜಾಗಕ್ಕೆ ಹೋಗಬೇಕು. ಆತುರಪಟ್ಟರೆ ಕೆಟ್ಟಿತು.

ಎರಡು ನಿಯಮಗಳನ್ನು ಮೀರಬಾರದು. ಎಷ್ಟೇ ತಡವಾಗಿ ಬಂದರೂ, ಏನೇ ಅನಾಹುತ ಮಾಡಿ ಬಂದರೂ, ಬಂದ ನಾಯಿಯನ್ನು ಗದರಬಾರದು. ಎರಡನೆಯದಾಗಿ, ಕಟ್ಟಿಹಾಕುವುದಕ್ಕೆ ಮಾತ್ರ ಕರೆಯಬಾರದು. ಕರೆದು, ತುಣುಕು ಕೊಟ್ಟು, ಮತ್ತೆ ಆಡಲು ಬಿಡುವುದೇ ಹೆಚ್ಚಾಗಿರಬೇಕು. ನಮ್ಮ ತೋಟದ ಕಂತ್ರಿ ನಾಯಿಯೊಂದಕ್ಕೆ ಈ ಪಾಠ ಗಟ್ಟಿಯಾಗಲು ಆರು ವಾರ ಹಿಡಿಯಿತು. ಈಗ ಕಾಡುಕೋಳಿಯ ಹಿಂದೆ ಓಡುತ್ತಿದ್ದರೂ ಕರೆದರೆ ತಿರುಗುತ್ತದೆ. ಮುಧೋಳದಂತಹ ಬೇಟೆ ತಳಿಗಳಿಗೆ ಓಡುವುದನ್ನು ಕಂಡರೆ ಬೆನ್ನಟ್ಟುವುದೇ ಹುಟ್ಟುಗುಣವಾದ್ದರಿಂದ ಇನ್ನಷ್ಟು ತಾಳ್ಮೆ ಬೇಕು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆದು ಒಳಗೆ ಊಟ ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಚಿರತೆ ಓಡಾಡುವ ಕಡೆ ಅಂಗಳದಲ್ಲಿ ಕಟ್ಟಿದ ನಾಯಿಗೆ ಓಡಿಹೋಗಲೂ ಆಗುವುದಿಲ್ಲ. ಬಾಗಿಲು ಭದ್ರವಾಗಿರುವ ಕೊಟ್ಟಿಗೆಯಲ್ಲಿ ಮಲಗಿದರೂ ಅದು ಸದ್ದು ಕೇಳಿ ಬೊಗಳಿಯೇ ಬೊಗಳುತ್ತದೆ. ಆನೆ ಬಂದಿರುವ ಸುದ್ದಿಯಿದ್ದ ದಿನಗಳಲ್ಲಂತೂ ನಾಯಿ ಎಷ್ಟೇ ಕಲಿತದ್ದಾಗಿರಲಿ, ಅದನ್ನು ತೋಟಕ್ಕೆ ಕರೆದೊಯ್ಯಲೇಬಾರದು.

ಎರಡನೆಯ ಪಾಠ: ಬಿಡು

ತೋಟದಲ್ಲಿ ನಾಯಿ ಬಾಯಿ ಹಾಕಬಾರದ ವಸ್ತುಗಳು ಅನೇಕ. ಬಸವನಹುಳುವಿಗೆ ಇಡುವ ವಿಷ ಪಾಷಾಣವನ್ನು ತವುಡು, ಬೆಲ್ಲ ಸೇರಿಸಿ ಮಾಡುವುದರಿಂದ ನಾಯಿಗೂ ಅದು ರುಚಿಯೇ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಗಳೂ ನಾಯಿಗೆ ಪ್ರಾಣಾಂತಕ. ನಡುಕ, ಸೆಳೆತ ಬಂದು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಇಲಿ ಪಾಷಾಣದ ಮಾತೂ ಅಷ್ಟೆ. ಕಾಫಿಯಲ್ಲಿರುವ ಕೆಫೀನ್ ಕೂಡ ನಾಯಿಗೆ ಒಗ್ಗುವುದಿಲ್ಲವಾದ್ದರಿಂದ ಕಣದಲ್ಲಿ ಹರಡಿದ ಕಾಫಿಯನ್ನು ತಿನ್ನಲು ಬಿಡಬಾರದು. ಅಡಿಕೆಯ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ಹಲವು ದೇಶಗಳಲ್ಲಿ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿ ಕೊಡುತ್ತಿದ್ದರು. ಈಗ ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳಿವೆ. ಹಳೆಯ ಮಾತನ್ನು ನೆನೆದು ಮನೆಯಲ್ಲಿ ಅಡಿಕೆ ತೇದು ಕುಡಿಸುವ ಸಾಹಸ ಬೇಡ.

ಪಾಠದ ಕ್ರಮ ಹೀಗೆ. ಮುಷ್ಟಿಯಲ್ಲಿ ರೊಟ್ಟಿಯ ಚೂರು ಹಿಡಿದು ನಾಯಿಯ ಮೂಗಿನ ಮುಂದಿಡಿ. ಅದು ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ. ನೀವು ಸುಮ್ಮನಿರಿ. ಒಂದು ಕ್ಷಣ ಮೂಗು ಹಿಂದಕ್ಕೆ ತೆಗೆಯಿತೋ, ‘ಭೇಷ್’ ಎಂದು ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದನ್ನು ಕೊಡಿ. ಬಿಟ್ಟರೆ ನಷ್ಟವಿಲ್ಲ, ಲಾಭವೇ ಇದೆ ಎಂದು ಅದಕ್ಕೆ ಮನವರಿಕೆಯಾದ ಮೇಲೆ ‘ಬಿಡು’ ಎಂಬ ಮಾತನ್ನು ಸೇರಿಸಿ. ಬಳಿಕ ನೆಲದ ಮೇಲೆ ಚೂರು ಇಟ್ಟು ಅಭ್ಯಾಸ ಮಾಡಿಸಿ. ಬಾಯಿಂದ ಕಿತ್ತುಕೊಳ್ಳಲು ಹೋಗಬೇಡಿ. ಕಿತ್ತುಕೊಂಡರೆ ಬೇಗ ನುಂಗುವುದನ್ನು ಕಲಿಯುತ್ತದೆ. ಇಷ್ಟಾದರೂ ಪಾಷಾಣ ಇಟ್ಟ ದಿನ ನಾಯಿಯನ್ನು ಆ ಕಡೆ ಬಿಡದಿರುವುದೇ ಜಾಣತನ.

ಮೂರನೆಯ ಪಾಠ: ಇರು

ಬೆಳಿಗ್ಗೆ ಆಳುಗಳು ಬರುವಾಗ, ಸಂಜೆ ಹಣ್ಣು ತೂಗುವಾಗ, ಅಡಿಕೆ ಕೊನೆ ಇಳಿಸುವಾಗ ನಾಯಿ ಕಾಲಿಗೆ ಅಡ್ಡ ಬರಬಾರದು. ಮರದ ಬುಡದಲ್ಲಿ ತಿರುಗಾಡುವ ನಾಯಿಯ ಮೇಲೆ ಕೊನೆ ಬಿದ್ದರೆ ಅದರ ಕಥೆ ಮುಗಿಯಿತು. ಜಗಲಿಯ ಮೂಲೆಯಲ್ಲಿ ಒಂದು ಗೋಣಿ ಹಾಸಿ, ನಾಯಿ ಅದರ ಮೇಲೆ ಕಾಲಿಟ್ಟಾಗಲೆಲ್ಲ ತುಣುಕು ಕೊಡಿ. ಕುಳಿತರೆ ಇನ್ನೊಂದು. ‘ಇರು’ ಎಂದು ಒಂದು ಹೆಜ್ಜೆ ಹಿಂದೆ ಸರಿದು ಮರಳಿ ಬಂದು ಕೊಡಿ. ಆಮೇಲೆ ಎರಡು ಹೆಜ್ಜೆ, ಹತ್ತು ಹೆಜ್ಜೆ. ಎದ್ದು ಬಂದರೆ ಸಿಟ್ಟು ಬೇಡ. ದೂರವನ್ನು ಹೆಚ್ಚು ಮಾಡಿದ್ದು ಬೇಗವಾಯಿತೆಂದು ತಿಳಿದು ಹಿಂದಿನ ಮೆಟ್ಟಿಲಿಗೆ ಮರಳಿ.

ಈ ಪಾಠದ ಹಿಂದೆ ನಮ್ಮ ಹೊಣೆಯೂ ಇದೆ. ನಾಯಿ ಕಚ್ಚಿದರೆ ನೋವು ಅನುಭವಿಸುವವರು ಹಣ್ಣು ಕುಯ್ಯಲು ಬಂದ ಹೆಂಗಸರು, ಲೈನ್ ಮನೆಯ ಮಕ್ಕಳು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಹಾಕಿಸಬೇಕು. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಸುಣ್ಣ, ಅರಿಸಿನ, ಕಾಫಿಪುಡಿ ಮೆತ್ತಬಾರದು.

ಆಟವೂ ಒಂದು ಕೆಲಸವೇ

ದಿನವಿಡೀ ಕಟ್ಟಿದ ನಾಯಿ ಕಂಡಕಂಡದ್ದಕ್ಕೆಲ್ಲ ಬೊಗಳುತ್ತದೆ. ಅದರ ಬೊಗಳಿಕೆಯಿಂದ ಕಳ್ಳ ಬಂದನೋ ಕರು ಬಂದಿತೋ ತಿಳಿಯುವುದಿಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಸದಸ್ಯರು ತಿಳಿದಿರಬೇಕು. ಓಡಾಟದ ಜೊತೆಗೆ ಮೂಗಿಗೂ ಕೆಲಸ ಕೊಡಿ. ತೊಳೆದು ಒಣಗಿಸಿದ ಹಳೆಯ ಗೋಣಿಯ ಮಡಿಕೆಗಳಲ್ಲಿ ಅದರ ಊಟದ ಒಂದು ಪಾಲನ್ನು ಬಚ್ಚಿಟ್ಟು ಹುಡುಕಲು ಬಿಡಿ. ಗೊಬ್ಬರ, ಔಷಧಿ ತುಂಬಿದ್ದ ಚೀಲ ಮಾತ್ರ ಬೇಡ. ಮನೆಯವರೊಬ್ಬರು ಬಾಗಿಲ ಹಿಂದೆ ಅಡಗಿ ಕರೆಯುವ ಕಣ್ಣಾಮುಚ್ಚಾಲೆಯಿಂದ ‘ಬಾ’ ಪಾಠವೂ ಬಲಗೊಳ್ಳುತ್ತದೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ ಎಂಬ ನಾಯಿ 2019ರಲ್ಲಿ ನರಭಕ್ಷಕ ಹುಲಿಯ ಜಾಡು ಹಿಡಿಯಲು ನೆರವಾದದ್ದು ಹಲವರಿಗೆ ನೆನಪಿರಬಹುದು. ವಾಸನೆ ಹಿಡಿಯುವ ಅಂತಹ ನಾಯಿಗಳ ವಿದ್ಯೆಗೂ ಬುನಾದಿ ಇಂತಹ ಹುಡುಕುವ ಆಟವೇ.

ಮುದ್ದಿನಿಂದ ಕಲಿತ ನಾಯಿ ಕಾವಲಿಗೆ ಬರುವುದೇ ಎಂದು ಕೇಳುವವರಿದ್ದಾರೆ. ಹೊಸ ಸದ್ದಿಗೆ, ಹೊಸಬರಿಗೆ ಬೊಗಳುವುದು ನಾಯಿಯ ಹುಟ್ಟುಗುಣ. ರೊಟ್ಟಿಯ ಚೂರು ತಿಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ಬೊಗಳಿದಾಗ ಎದ್ದುಬಂದು ನೋಡಿ, ‘ಸಾಕು, ಬಾ’ ಎಂದರೆ ಸುಮ್ಮನಾಗಿ ಬರುವ ನಾಯಿಯೇ ನಮಗೆ ಬೇಕಾದದ್ದು.

ಈ ಕೆಲಸಕ್ಕೆ ಖರ್ಚಿಲ್ಲ. ಬೇಕಾದದ್ದು ದಿನಕ್ಕೆ ಹತ್ತು ಹದಿನೈದು ನಿಮಿಷ ಮತ್ತು ಸಿಟ್ಟಾಗದ ಮನಸ್ಸು. ಸದಸ್ಯರು ಈ ವಾರ ‘ಬಾ’ ಪಾಠದಿಂದಲೇ ಮೊದಲು ಮಾಡಲಿ. ಮನೆಯೊಳಗೆ ಹತ್ತಕ್ಕೆ ಒಂಬತ್ತು ಸಲ ಬರುವವರೆಗೆ ಅಂಗಳಕ್ಕೆ ಇಳಿಯುವುದು ಬೇಡ.

— ಕಾರ್ಯದರ್ಶಿ