ಹಳೆಯ ಜೀಪಿನ ಮುಂದಿನ ಆಕ್ಸಲ್ ಮತ್ತು ಸ್ಟಿಯರಿಂಗ್: ಮಳೆಗಾಲಕ್ಕೆ ಮುನ್ನ ಒಂದು ತಪಾಸಣೆ

ಗೊಬ್ಬರ ತರಲು, ಹಣ್ಣಿನ ಮೂಟೆ ಸಾಗಿಸಲು, ಅಡಿಕೆ ಗೊನೆ ಹೊರಲು, ಕೆಲಸಗಾರರನ್ನು ಕರೆತರಲು ನಮ್ಮಲ್ಲಿ ಅನೇಕರಿಗೆ ಇಂದಿಗೂ ಆಸರೆಯಾಗಿರುವುದು ಹಳೆಯ ಜೀಪು. ವಿಲ್ಲೀಸ್ ಕಂಪನಿಯು ೧೯೫೩ರಲ್ಲಿ ಹೊರತಂದ ಸಿ.ಜೆ. ೩ಬಿ ಮಾದರಿಯನ್ನು ಮಹೀಂದ್ರ ಕಂಪನಿಯು ನಮ್ಮ ದೇಶದಲ್ಲಿಯೇ ಬಹುಕಾಲ ತಯಾರಿಸಿತು. ಆ ಜಾತಿಯ ನಾಲ್ಕು ಚಕ್ರ ಚಾಲನೆಯ ಗಾಡಿಗಳನ್ನು ಕುರಿತೇ ಈ ಪಾಠ. ಎಂಜಿನ್ ಕೆಟ್ಟರೆ ಗಾಡಿ ನಿಂತುಹೋಗುತ್ತದೆ, ಅಷ್ಟೇ. ಸ್ಟಿಯರಿಂಗ್ ಕೆಟ್ಟರೆ ಅದು ನಿಲ್ಲುವುದಿಲ್ಲ. ಹೋಗಬಾರದ ಕಡೆಗೆ ಹೋಗುತ್ತದೆ.

ಕಳೆದ ಕೊಯ್ಲಿನಲ್ಲಿ ಸದಸ್ಯರೊಬ್ಬರ ಜೀಪು ಕೆಲಸಗಾರರನ್ನು ಇಳಿಸಿ ಕಣದಲ್ಲಿ ತಿರುಗುತ್ತಿದ್ದಾಗ ಟೈ ರಾಡಿನ ತುದಿ ಕಳಚಿಬಿದ್ದುದನ್ನು ನಾವು ಕಣ್ಣಾರೆ ಕಂಡೆವು. ಹತ್ತು ನಿಮಿಷ ಮೊದಲು ಅದೇ ಗಾಡಿ ಏಳು ಜನರನ್ನು ಹೊತ್ತು ಇಳಿಜಾರಿನ ತಿರುವು ದಾಟಿತ್ತು. ವಿಚಾರಿಸಿದಾಗ, ಎರಡು ತಿಂಗಳಲ್ಲಿ ಎರಡು ಬಾರಿ ‘ಸ್ಟಿಯರಿಂಗ್ ಪ್ಲೇ’ ಎಂದು ಸ್ಟಿಯರಿಂಗ್ ಬಾಕ್ಸನ್ನು ಬಿಗಿ ಮಾಡಿಸಿದ್ದರೆಂದು ತಿಳಿಯಿತು. ಸವೆದದ್ದು ಒಂದು, ಬಿಗಿದದ್ದು ಇನ್ನೊಂದು. ನಮ್ಮ ತೋಟಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ನಡೆಯುತ್ತದೆ.

ಚಕ್ರದವರೆಗೆ ಕೈಯ ಬಲ ಹೋಗುವ ದಾರಿಯನ್ನು ಮೊದಲು ತಿಳಿಯೋಣ. ಸ್ಟಿಯರಿಂಗ್ ಬಾಕ್ಸಿನ ತೋಳಿನಿಂದ ಡ್ರ್ಯಾಗ್ ಲಿಂಕ್ ಮುಂದಕ್ಕೆ ಹೋಗಿ ಬೆಲ್ ಕ್ರ್ಯಾಂಕನ್ನು ತಿರುಗಿಸುತ್ತದೆ. ಅಲ್ಲಿಂದ ಎರಡು ಟೈ ರಾಡುಗಳು ಎಡಬಲದ ಚಕ್ರಗಳಿಗೆ ಹೋಗುತ್ತವೆ. ಆಕ್ಸಲಿನ ಎರಡೂ ತುದಿಯಲ್ಲಿ ದುಂಡನೆಯ ಕವಚದೊಳಗೆ ಮೇಲೊಂದು ಕೆಳಗೊಂದು ಕಿಂಗ್ ಪಿನ್ ಬೇರಿಂಗುಗಳಿದ್ದು, ಚಕ್ರವು ಅವುಗಳ ಮೇಲೆ ಎಡಬಲಕ್ಕೆ ಹೊರಳುತ್ತದೆ. ಈ ದಾರಿಯ ಪ್ರತಿ ಕೀಲಿನಲ್ಲಿಯೂ ಕೂದಲೆಳೆಯಷ್ಟು ಸವೆತವಾದರೂ ಎಲ್ಲವೂ ಕೂಡಿ ಕೈಯಲ್ಲಿ ದೊಡ್ಡ ಸಡಿಲವಾಗುತ್ತದೆ. ಆದ್ದರಿಂದ ತಪಾಸಣೆಯನ್ನು ಚಕ್ರದಿಂದ ಆರಂಭಿಸಿ, ಬಾಕ್ಸನ್ನು ಕೊನೆಗೆ ಮುಟ್ಟಬೇಕು.

೧. ಚಕ್ರದ ಬೇರಿಂಗ್ ಮತ್ತು ಕಿಂಗ್ ಪಿನ್: ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿರಿ. ಬರೀ ಜ್ಯಾಕನ್ನು ನಂಬಿ ಅಡಿಗೆ ಹೋಗಬಾರದು. ಚಕ್ರದ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲ್ಲಾಡಿಸಿರಿ. ಅಲುಗಿದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿರಿ. ಆಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿದೆ; ನಿಲ್ಲದಿದ್ದರೆ ಕಿಂಗ್ ಪಿನ್ನಿನಲ್ಲಿದೆ. ಚಕ್ರದ ಬೇರಿಂಗಾದರೆ, ಚಕ್ರ ತಿರುಗಿಸುತ್ತಲೇ ಒಳಗಿನ ನಟ್ಟನ್ನು ಚಕ್ರ ಹಿಡಿಯುವವರೆಗೆ ಬಿಗಿದು, ಸುತ್ತಿನ ಆರನೆಯ ಒಂದು ಭಾಗ ಹಿಂದಕ್ಕೆ ಬಿಟ್ಟು, ಲಾಕ್ ವಾಷರನ್ನು ಮಡಚಬೇಕು. ಕಿಂಗ್ ಪಿನ್ನಾದರೆ ಮೇಲೆ ಕೆಳಗೆ ಸಮನಾಗಿ ತೆಳು ಶಿಮ್‌ಗಳನ್ನು ತೆಗೆದು ಸರಿಪಡಿಸಬಹುದು. ಆದರೆ ಬೇರಿಂಗಿನ ಬಟ್ಟಲಿನಲ್ಲಿ ರೋಲರುಗಳ ಗುಳಿ ಬಿದ್ದಿದ್ದರೆ ಶಿಮ್ ತೆಗೆದು ಫಲವಿಲ್ಲ, ಬೇರಿಂಗನ್ನೇ ಬದಲಿಸಬೇಕು. ಯಾವುದೋ ಒಂದು ವೇಗದಲ್ಲಿ ಮುಂದಿನ ಚಕ್ರಗಳು ತಾವಾಗಿ ಗಡಗಡ ಅದುರುವುದಕ್ಕೆ ಬಹುಮಟ್ಟಿಗೆ ಈ ಸಡಿಲವೇ ಕಾರಣ.

೨. ಟೈ ರಾಡ್, ಬೆಲ್ ಕ್ರ್ಯಾಂಕ್, ಡ್ರ್ಯಾಗ್ ಲಿಂಕ್: ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಒಬ್ಬರು ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲಕ್ಕೆ ಆಡಿಸಲಿ. ಇನ್ನೊಬ್ಬರು ಪ್ರತಿ ಕೀಲಿನ ಮೇಲೆ ಬೆರಳಿಟ್ಟು ನೋಡಲಿ. ಒಂದು ಕಡೆ ಚಲಿಸಿ ಇನ್ನೊಂದು ಕಡೆ ತಡವಾದರೆ ಆ ಕೀಲು ಸವೆದಿದೆ. ಸವೆದ ಟೈ ರಾಡ್ ತುದಿಯನ್ನು ಬದಲಿಸಲೇಬೇಕು. ಡ್ರ್ಯಾಗ್ ಲಿಂಕಿನ ತುದಿಯ ತಿರುಪನ್ನು ಕೈಪಿಡಿಯಂತೆ ಹೊಂದಿಸಬಹುದು. ಬಿಚ್ಚಿದ ಪ್ರತಿ ಕಡೆ ಹೊಸ ಸ್ಪ್ಲಿಟ್ ಪಿನ್ ಹಾಕಿರಿ. ಪಿನ್ನಿನ ಬದಲು ಮೊಳೆಯನ್ನೋ ತಂತಿಯನ್ನೋ ಸಿಕ್ಕಿಸುವ ಅಭ್ಯಾಸವನ್ನು ದಯಮಾಡಿ ಬಿಡಬೇಕು.

೩. ಎಣ್ಣೆ ಸೋರುವಿಕೆ: ದುಂಡು ಕವಚದ ಪ್ಲಗ್ ತೆಗೆದು ನೋಡಿರಿ. ಒಳಗಿನದು ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ. ಗ್ರೀಸಿನ ಬದಲು ತೆಳ್ಳಗಿನ ಗೇರ್ ಎಣ್ಣೆ ಹರಿದರೆ ಆಕ್ಸಲ್ ಒಳಗಿನ ಆಯಿಲ್ ಸೀಲ್ ಹೋಗಿದೆ. ಈ ಎಣ್ಣೆ ಮುಂದೆ ಬ್ರೇಕ್ ಲೈನಿಂಗನ್ನು ತಲುಪುತ್ತದೆ. ಘಾಟಿಯ ಇಳಿಜಾರಿನಲ್ಲಿ ಗಾಡಿ ಒಂದು ಪಕ್ಕಕ್ಕೆ ಎಳೆಯುವುದಕ್ಕೆ ಇದೂ ಒಂದು ಕಾರಣ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿರಿ.

೪. ಸ್ಟಿಯರಿಂಗ್ ಬಾಕ್ಸ್: ಮೇಲಿನದೆಲ್ಲ ಸರಿಯಾದ ಮೇಲೆ ಬಾಕ್ಸನ್ನು ಛಾಸಿಗೆ ಹಿಡಿದಿರುವ ಬೋಲ್ಟುಗಳನ್ನೂ ಎಣ್ಣೆಯ ಮಟ್ಟವನ್ನೂ ನೋಡಿರಿ. ಬಾಕ್ಸನ್ನು ಹೊಂದಿಸಬೇಕಾದರೆ ಡ್ರ್ಯಾಗ್ ಲಿಂಕನ್ನು ಬಿಡಿಸಿ, ಸ್ಟಿಯರಿಂಗನ್ನು ನಡುಮಧ್ಯದಲ್ಲಿಟ್ಟು ಮಾಡಬೇಕು. ನಡುವಿನಲ್ಲಿ ತುಸು ಹಿಡಿತ, ಉಳಿದೆಡೆ ಸರಾಗ, ಇದು ಸರಿಯಾದ ಸ್ಥಿತಿ. ಅತಿಯಾಗಿ ಬಿಗಿದರೆ ತಿರುವಿನ ಬಳಿಕ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಬಾಕ್ಸಿನ ಒಳಭಾಗವೂ ಬೇಗ ಸವೆಯುತ್ತದೆ.

೫. ಚಕ್ರಗಳ ನೇರ: ಟೈ ರಾಡ್ ಬದಲಿಸಿದ ಮೇಲೆ, ಎರಡು ಮುಂದಿನ ಟಯರುಗಳ ನಡುವಣ ಅಂತರವನ್ನು ಹಬ್ಬಿನ ಎತ್ತರದಲ್ಲಿ ಮುಂದೆಯೂ ಹಿಂದೆಯೂ ಅಳೆಯಬೇಕು. ಮುಂದಿನ ಅಳತೆ ಒಂದೆರಡು ಮಿಲಿಮೀಟರ್ ಕಡಿಮೆಯಿರಬೇಕು. ಹೆಚ್ಚುಕಡಿಮೆಯಾದರೆ ಟಯರಿನ ಅಂಚು ಗರಗಸದಂತೆ ಸವೆಯುತ್ತದೆ.

ಇನ್ನು ಗ್ರೀಸಿನ ಮಾತು. ಸುಮಾರು ಒಂದೂವರೆ ಸಾವಿರ ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೆಯಬೇಕೆಂಬುದು ರಸ್ತೆಯ ಲೆಕ್ಕ. ಕೆಸರಿನಲ್ಲಿ ದುಡಿಯುವ ತೋಟದ ಗಾಡಿಗೆ ಕಿಲೋಮೀಟರಿನ ಲೆಕ್ಕ ಸಾಲದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ತೊರೆ ದಾಟಿದ್ದರೆ ಅಂದೇ ಸಂಜೆ, ಹೊಡೆಯುವುದು ಲೇಸು. ಮೊದಲು ನಿಪ್ಪಲನ್ನು ಬಟ್ಟೆಯಿಂದ ಒರೆಸಿರಿ. ಇಲ್ಲವಾದರೆ ಗ್ರೀಸಿನೊಂದಿಗೆ ಮಣ್ಣೂ ಒಳಹೋಗಿ ಕೀಲನ್ನು ಅರೆಯುತ್ತದೆ. ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಿರಿ. ಒಣ ಡಾಂಬರು ರಸ್ತೆಗೆ ಬಂದ ಕೂಡಲೇ ಮುಂದಿನ ಆಕ್ಸಲಿನ ಗೇರ್ ಬಿಡಿಸಿರಿ. ಇಲ್ಲದಿದ್ದರೆ ಆಕ್ಸಲಿಗೂ ಟಯರಿಗೂ ವೃಥಾ ಎಳೆತ.

ಕಾಫಿ ಕೊಯ್ಲು ಮುಗಿದು, ಅಡಿಕೆ ಮಾರಾಟವಾಗಿ, ಮುಂಗಾರು ಇನ್ನೂ ಕಾಲಿಡದ ಮೇ ತಿಂಗಳು ಈ ಕೆಲಸಕ್ಕೆ ಒಳ್ಳೆಯದು. ಇಬ್ಬರಿದ್ದರೆ ಅರ್ಧ ದಿನ ಸಾಕು. ಗಾಡಿಯನ್ನು ವರ್ಕ್‌ಶಾಪಿಗೆ ಒಯ್ಯುವುದಾದರೂ ಈ ತಪಾಸಣೆಯನ್ನು ಮನೆಯಲ್ಲೇ ಮಾಡಿ, ಯಾವ ಕೀಲು ಸವೆದಿದೆಯೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ‘ಸ್ಟಿಯರಿಂಗ್ ಬಿಗಿ ಮಾಡಿ’ ಎಂದು ಮಾತ್ರ ಹೇಳಬೇಡಿರಿ. ಹಿಂದಿನ ಸೀಟಿನಲ್ಲಿ ಕುಳಿತು ಬರುವವರು ನಮ್ಮನ್ನು ನಂಬಿ ಹತ್ತಿರುತ್ತಾರೆ.