ಎಂಜಿನ್ ಕೊನೆಗೆ ಬರಲಿ



ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹುಡುಗರು ಮೋಟಾರ್ ಬೋಟಿನ ಮಾತೆತ್ತಿದರೆ ಮನೆಯ ಹಿರಿಯರು ನಕ್ಕು ಸುಮ್ಮನಾಗುವುದೇ ಹೆಚ್ಚು. ತೊಗರಿ, ಫರಸಿ ಕಲ್ಲು, ಸಿಮೆಂಟು ಇರುವ ನಾಡಿಗೆ ದೋಣಿ ಯಾಕೆ ಎಂದು ಕೇಳುತ್ತಾರೆ. ನನಗೆ ಅದು ನಗುವ ವಿಷಯವಾಗಿ ಕಾಣುವುದಿಲ್ಲ. 2020ರ ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ನದಿಗಳೆರಡೂ ಉಕ್ಕಿದಾಗ ಮಳಖೇಡದ ಮನೆ ಮಠಗಳೊಳಗೆ ನೀರು ನುಗ್ಗಿತ್ತು. ಭೀಮಾ ದಂಡೆಯ ಊರುಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಹೊರಗಿನ ಪಡೆಗಳು ದೋಣಿ ಹೊತ್ತು ಬರಬೇಕಾಯಿತು. ಚಿಂಚೋಳಿ ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಮುಲ್ಲಾಮಾರಿ ನದಿ ಬಂದು ಕಾಗಿಣಾ ಸೇರುತ್ತದೆ, ಕಾಗಿಣಾ ಹೊನಗುಂಟಾದ ಹತ್ತಿರ ಭೀಮಾ ಸೇರುತ್ತದೆ. ಇಲ್ಲಿ ನೀರಿದೆ. ಕೈಗಳೂ ಇವೆ: ವಾಡಿ, ಶಹಾಬಾದ್, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ಮತ್ತು ವಾಡಿ ಜಂಕ್ಷನ್ನಿನ ಕೆಲಸ ತಲೆಮಾರುಗಳಿಂದ ಫಿಟ್ಟರುಗಳನ್ನು, ವೆಲ್ಡರುಗಳನ್ನು, ವೈಂಡಿಂಗ್ ಮಾಡುವವರನ್ನು ತಯಾರಿಸಿವೆ. ಇಲ್ಲದಿರುವುದು ದೋಣಿಯ ಅನುಭವ ಮಾತ್ರ. ಆದ್ದರಿಂದ ಎಲ್ಲೋ ಹರಾಜಿನಲ್ಲಿ ಅಥವಾ ಕರಾವಳಿಯ ಯಾವುದೋ ಅಂಗಳದಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಫೈಬರ್ ಬೋಟನ್ನು ತಂದು ಹೊಸ ಎಂಜಿನ್ ಕೂಡಿಸಬೇಕೆಂಬ ನಿನ್ನ ಆಸೆಯನ್ನು, ತಮ್ಮಾ, ನಾನು ತಡೆಯುವುದಿಲ್ಲ. ಕೆಲಸದ ಕ್ರಮದ ಬಗ್ಗೆ ಮಾತ್ರ ಹೇಳುತ್ತೇನೆ.

ಇಂಥ ಕೆಲಸಕ್ಕೆ ಕೈ ಹಾಕುವವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಎಚ್‌ಪಿ ಹಾಕೋಣ?’ ಎಂಬುದು. ಅದು ಕೊನೆಯ ಪ್ರಶ್ನೆಯಾಗಬೇಕು. ಮೊದಲು ಬೋಟಿನ ಒಡಲು ಗಟ್ಟಿ ಇದೆಯೇ ಎಂದು ತಿಳಿಯಬೇಕು, ಆಮೇಲೆ ಅದರ ತೂಕ, ಆಮೇಲೆ ಅದು ಯಾವ ನೀರಿನಲ್ಲಿ ಯಾವ ಕೆಲಸ ಮಾಡಬೇಕು ಎಂಬುದು. ಈ ಮೂರಕ್ಕೆ ಉತ್ತರ ಸಿಕ್ಕರೆ ಎಂಜಿನ್ ತಾನಾಗಿ ಗೊತ್ತಾಗುತ್ತದೆ, ಬಹುತೇಕ ಸಲ ನೀನು ಅಂದುಕೊಂಡಿದ್ದಕ್ಕಿಂತ ಚಿಕ್ಕದೇ ಸಾಕಾಗುತ್ತದೆ. ಫೈಬರ್ ಕೊಳೆಯುವುದಿಲ್ಲ, ಹಾಗಾಗಿ ಬೋಟು ಹಳತಾದರೇನು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಕೋಸ್ಟ್ ಗಾರ್ಡ್ 1950ರ ದಶಕದ ಆರಂಭದಲ್ಲಿ ಕಟ್ಟಿಸಿದ 40 ಅಡಿಯ ಫೈಬರ್ ಗಸ್ತು ದೋಣಿಗಳ ಒಡಲಿನಿಂದ ಹತ್ತು ವರ್ಷದ ಮೇಲೊಮ್ಮೆ, ಇಪ್ಪತ್ತು ವರ್ಷದ ಮೇಲೊಮ್ಮೆ ತುಂಡು ಕತ್ತರಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಬಲ ಹೇಳಿಕೊಳ್ಳುವಷ್ಟು ಕುಗ್ಗಿರಲಿಲ್ಲ. ಗಾಜಿನ ನಾರು, ರೆಸಿನ್ (ರಾಳ) ಅಷ್ಟು ಬಾಳುತ್ತವೆ. ಆದರೆ ಹಳೆಯ ಬೋಟುಗಳಲ್ಲಿ ಬಹುಪಾಲು ಬರೀ ಫೈಬರ್ ಇರುವುದಿಲ್ಲ. ಎಂಜಿನ್ ನೇತುಹಾಕುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಎರಡು ಫೈಬರ್ ಪದರಗಳ ನಡುವೆ ಸಿಕ್ಕಿಸಿದ ಪ್ಲೈವುಡ್. ತಳದ ಉದ್ದಕ್ಕೂ ಹೋಗುವ ತೊಲೆಗಳು ಫೈಬರ್ ಹೊದ್ದ ಮರ. ನೆಲಹಾಸೂ ಪ್ಲೈವುಡ್ಡೇ. ಎಂದೋ ಯಾರೋ ಒಂದು ಸ್ಕ್ರೂ ಹೊಡೆದು ಅದರ ಸುತ್ತ ಸೀಲೆಂಟ್ ಹಚ್ಚದೆ ಬಿಟ್ಟರೆ ಆ ತೂತಿನಿಂದ ನೀರು ಇಳಿದು ವರ್ಷಗಟ್ಟಲೆ ಒಳಗೇ ನಿಲ್ಲುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಮರ ಒದ್ದೆ ಹುಡಿಯಾಗಿರುತ್ತದೆ. ಅಂಥ ಗೋಡೆಗೆ ನೂರು ಕಿಲೋ ತೂಗುವ, ಓಡುವಾಗ ಮುಂದಕ್ಕೆ ದೂಡುವ ಎಂಜಿನ್ ಕಟ್ಟಿದರೆ ಏನಾಗುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬೋಟು ಕೊಳ್ಳುವ ಮುಂಚೆಯೇ ಪರೀಕ್ಷೆ ಶುರುವಾಗಲಿ. ಸಣ್ಣ ಸುತ್ತಿಗೆಯ ಹಿಡಿಯಿಂದ ಟ್ರಾನ್ಸಮನ್ನು ಅಂಗೈ ಅಗಲಕ್ಕೊಮ್ಮೆ ತಟ್ಟುತ್ತಾ ಹೋಗು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ದಪ್ ಎನ್ನುತ್ತದೆ. ಗಣಿಯಲ್ಲಿ ಫರಸಿ ಹಾಸನ್ನು ತಟ್ಟಿ ಒಳಬಿರುಕು ಕಂಡುಹಿಡಿಯುವವನ ಕಿವಿ ಈ ವ್ಯತ್ಯಾಸವನ್ನು ಕೂಡಲೇ ಹಿಡಿಯುತ್ತದೆ. ಅನುಮಾನ ಬಂದಲ್ಲಿ ಒಳಮೈಯಿಂದ, ಕೆಳಭಾಗದಲ್ಲಿ, ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ಆಳ ಗುರುತು ಮಾಡಿಕೊಂಡು ಸಣ್ಣ ತೂತು ಕೊರೆ. ಹೊರಪದರ ದಾಟಬಾರದು. ಬರುವ ಹೊಟ್ಟು ಒಣಗಿ ತಿಳಿಬಣ್ಣವಿದ್ದರೆ ಮರ ಬದುಕಿದೆ. ಕಪ್ಪಗೆ, ಒದ್ದೆಯಾಗಿ, ಹುಳಿವಾಸನೆ ಹೊಡೆದರೆ ಆ ಗೋಡೆಯನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕು. ಆಮೇಲೆ ಬೋಟನ್ನು ಗಾಡಿಗೇರಿಸಿ ಕಾಟಾಕ್ಕೆ ಒಯ್ಯಿ. ಕಲ್ಲು, ಸಿಮೆಂಟಿನ ಲಾರಿಗಳು ತೂಗುವ ಕಾಟಾ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಗಾಡಿ ಸಮೇತ ಒಮ್ಮೆ, ಖಾಲಿ ಗಾಡಿ ಒಮ್ಮೆ ತೂಗಿ ಕಳೆದರೆ ಬೋಟಿನ ತೂಕ ಬಂತು. ಯಾಕೆ ಈ ಕಷ್ಟ ಎನ್ನುತ್ತೀಯಾ? ಹಳೆಯ ಬೋಟುಗಳ ನೆಲಹಾಸಿನ ಕೆಳಗೆ ತೇಲಿಸಲೆಂದು ತುಂಬಿದ ಫೋಮು ಇರುತ್ತದೆ. ನೀರು ಕುಡಿಯಲು ಶುರುಮಾಡಿದರೆ ಅದು ಬಿಡುವುದಿಲ್ಲ. ಒಂದು ಘನ ಅಡಿ ನೀರು 28 ಕಿಲೋ ತೂಗುತ್ತದೆ. ಹತ್ತು ಘನ ಅಡಿ ಫೋಮು ಪೂರ್ತಿ ನೆನೆದಿದ್ದರೆ ಹತ್ತಿರ ಹತ್ತಿರ 280 ಕಿಲೋ, ಅಂದರೆ ನಾಲ್ಕು ಜನ, ಯಾರಿಗೂ ಕಾಣದಂತೆ ಬೋಟಿನಲ್ಲಿ ಮೊದಲೇ ಕೂತಿದ್ದಾರೆ. ಆ ತೂಕವನ್ನು ಎಳೆಯಲು ದೊಡ್ಡ ಎಂಜಿನ್ ಕೊಳ್ಳುವವನು ಕೊಳೆಗೆ ಪೆಟ್ರೋಲ್ ಹಾಕುತ್ತಾನೆ. ನೆಲಹಾಸು ಕಿತ್ತು, ನೆನೆದ ಫೋಮು ಕೆರೆದು ತೆಗೆದು, ನೀರು ಹೀರದ ಮುಚ್ಚುಕೋಶದ ಫೋಮು ತುಂಬಿದರೆ ಅದೇ ಬೋಟಿಗೆ ಕಡಿಮೆ ಎಂಜಿನ್ ಸಾಕು.

ಇನ್ನು ಕಟ್ಟುವ ಕೆಲಸ. ಕರಾವಳಿಯ ಕೆಲಸಗಾರರ ಅಳತೆಯನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸಬೇಡ. ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಭಾಗ ಬೀಳುತ್ತದೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಆಗ ಅದೇ ಅಳತೆಯ ರೆಸಿನ್ ಬ್ರಷ್ಷಿಗೆ ಬರುವ ಮೊದಲೇ ಡಬ್ಬಿಯಲ್ಲಿ ಕಾದು ಗಟ್ಟಿಯಾಗುತ್ತದೆ. ಗಡಿಬಿಡಿಯಲ್ಲಿ ಹಚ್ಚಿದ ಪದರಕ್ಕೆ ಬಲ ಇರುವುದಿಲ್ಲ. ಡಿಸೆಂಬರ್-ಜನವರಿ ಒಳ್ಳೆಯ ಕಾಲ. ಆಗ ಆಗದಿದ್ದರೆ ಬೆಳಗಿನ ತಂಪಿನಲ್ಲಿ, ಅರ್ಧ ಅರ್ಧ ಕಿಲೋ ಕಲಸಿಕೊಂಡು ಮಾಡು. ಎರಡನೆಯ ಶತ್ರು ಧೂಳು. ಕಾರ್ಖಾನೆ, ಕಲ್ಲಿನ ಪಾಲಿಶ್ ಘಟಕಗಳ ಸುತ್ತ ಹಾರುವ ಸಣ್ಣಪುಡಿ ಉಜ್ಜಿಟ್ಟ ಫೈಬರಿನ ಮೇಲೆ ಒಂದು ರಾತ್ರಿಯಲ್ಲಿ ಕೂತುಬಿಡುತ್ತದೆ, ಅದರ ಮೇಲೆ ಹಚ್ಚಿದ ಹೊಸ ಪದರ ಮುಂದೊಂದು ದಿನ ಹಪ್ಪಳದ ಹಾಗೆ ಏಳುತ್ತದೆ. ಉಜ್ಜಿದ ದಿನವೇ ಅಸಿಟೋನಿನಿಂದ ಒರೆಸಿ ಅಂದೇ ಪದರ ಕೂಡಿಸು. ತೂತು ಮುಚ್ಚುವಾಗ ಅಂಚನ್ನು ದಪ್ಪದ ಹನ್ನೆರಡು ಪಟ್ಟು ದೂರದವರೆಗೆ ಇಳಿಜಾರಾಗಿ ಉಜ್ಜಬೇಕು, 6 ಮಿ.ಮೀ. ದಪ್ಪದ ಒಡಲಿಗೆ ಸುತ್ತಲೂ 72 ಮಿ.ಮೀ. ಇದು ಹೆಚ್ಚಾಯಿತೆಂದು ಕಂಡರೂ ಕಡಿಮೆ ಮಾಡಬೇಡ, ಹಳೆಯದಕ್ಕೂ ಹೊಸದಕ್ಕೂ ಹಿಡಿತ ಸಿಗುವುದು ಆ ಇಳಿಜಾರಿನಲ್ಲೇ. ಟ್ರಾನ್ಸಮ್ಮಿಗೆ ಐಎಸ್ 710 ಗುರುತಿನ ಮರೈನ್ ಪ್ಲೈ ಬಿಟ್ಟು ಬೇರೆ ಬೇಡ, ಅದರ ಅಂಚುಗಳಿಗೂ ಪ್ರತಿ ಬೋಲ್ಟಿನ ತೂತಿಗೂ ಎಪಾಕ್ಸಿ ಕುಡಿಸು. ಒಂದು ಎಚ್ಚರಿಕೆಯನ್ನಂತೂ ಗೋಡೆಯ ಮೇಲೆ ಬರೆದು ಹಾಕಿಕೋ: ವೇಗವರ್ಧಕವಾದ ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಸಿಡಿದು ಬೆಂಕಿ ಹತ್ತುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲೆಯಲಿ, ಹಾರ್ಡನರ್ ಆಮೇಲೆ. ಹಾರ್ಡನರಿನ ಒಂದು ಹನಿ ಕಣ್ಣು ಕಳೆಯಬಲ್ಲದು. ಕನ್ನಡಕ, ಮಾಸ್ಕು, ಕೈಗವಸು ಇಲ್ಲದ ದಿನ ಕೆಲಸವೂ ಇಲ್ಲ.

ಇಷ್ಟಾದ ಮೇಲೆ ಎಂಜಿನ್. ನಿನ್ನ ಗೆಳೆಯರು ಹೇಳುವುದು ನನಗೆ ಗೊತ್ತು: ಹೇಗೂ ಖರ್ಚು ಮಾಡುತ್ತಿದ್ದೇವೆ, ದೊಡ್ಡದೇ ಹಾಕೋಣ, ಇಲ್ಲವೇ ಹಳೆಯ ಜೀಪಿನ ಡೀಸೆಲ್ ಎಂಜಿನ್ ಕೂಡಿಸಿಬಿಡೋಣ, ಗ್ಯಾರೇಜು ನಮ್ಮದೇ ಇದೆ. ದೊಡ್ಡದರ ಲೆಕ್ಕ ಕೇಳು. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ 16 ಅಡಿ ಉದ್ದವಿದ್ದರೆ ಗಂಟೆಗೆ ಸುಮಾರು 10 ಕಿ.ಮೀ. ಅದನ್ನು ಮೀರಬೇಕಾದರೆ ದೋಣಿ ನೀರಿನ ಮೇಲೆದ್ದು ಜಾರಬೇಕು. ಅದಕ್ಕೆ ತಳ ಚಪ್ಪಟೆ ಇರಬೇಕು, ತೂಕ ಕಡಿಮೆ ಇರಬೇಕು. ತಳ ಹಾಗಿಲ್ಲದಿದ್ದರೆ ಎರಡು ಪಟ್ಟು ಎಚ್‌ಪಿ ಹಾಕಿದರೂ ಹಿಂಭಾಗ ಮುಳುಗಿ ಮೂತಿ ಮೇಲೇಳುವುದೇ ಲಾಭ. ಹಳೆಯ ಬೋಟುಗಳು ಹಗುರವಾದ ಟೂ-ಸ್ಟ್ರೋಕ್ ಎಂಜಿನ್ನಿಗೆಂದು ಕಟ್ಟಿದವು; 40 ಎಚ್‌ಪಿಯ ಟೂ-ಸ್ಟ್ರೋಕ್ ಸುಮಾರು 70 ಕಿಲೋ ತೂಗಿದರೆ ಅಷ್ಟೇ ಶಕ್ತಿಯ ಫೋರ್-ಸ್ಟ್ರೋಕ್ ನೂರರ ಹತ್ತಿರ ಹೋಗುತ್ತದೆ. ಎಚ್‌ಪಿ ಒಂದೇ ಆದರೂ ಹಿಂಬದಿಗೆ ಮೂವತ್ತು ಕಿಲೋ ಹೆಚ್ಚಾಯಿತು. ಜೀಪಿನ ಎಂಜಿನ್ನಿನ ವಿಷಯ ಇನ್ನೂ ಬೇರೆ. ಅದರ ತೂಕ, ನೀರಿನಲ್ಲಿ ಅದನ್ನು ತಂಪಾಗಿಡುವ ಬಗೆ, ಸೈಲೆನ್ಸರಿನ ಬಿಸಿ, ಶಾಫ್ಟಿನ ತೂತು, ಪ್ರತಿಯೊಂದೂ ದೋಣಿಯ ಸಮತೋಲವನ್ನೇ ಬದಲಿಸುತ್ತದೆ. ದೋಣಿಯನ್ನು ಮನಬಂದಂತೆ ಮಾರ್ಪಡಿಸಿದರೆ ಏನಾಗುತ್ತದೆಂಬುದಕ್ಕೆ ಕೇರಳದ ತಾನೂರು ಸಾಕ್ಷಿ. 2023ರ ಮೇ 7ರಂದು ಅಲ್ಲಿ ಮಗುಚಿದ್ದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗರಿಗೆಂದು ಮಾರ್ಪಡಿಸಿದ್ದ ಬೋಟು. ಮಿತಿ ಮೀರಿ ಜನ ಹತ್ತಿಸಿದ್ದರು. ಸತ್ತವರು 22 ಮಂದಿ, ಅವರಲ್ಲಿ ಮಕ್ಕಳೂ ಇದ್ದರು. ಅಲ್ಲಿ ಶಕ್ತಿಯ ಕೊರತೆ ಇರಲಿಲ್ಲ, ಒಡಲಿಗೆ ಒಗ್ಗದ ಕೆಲಸ ಕೊಟ್ಟಿದ್ದೇ ಮುಳುವಾಯಿತು.

ಹಾಗಾದರೆ ಪ್ರವಾಹಕ್ಕೆ ಶಕ್ತಿ ಬೇಡವೇ ಎಂದು ನೀನು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೆರೆ ನೀರು ಸೆಕೆಂಡಿಗೆ ಮೂರು ಮೀಟರ್ ಹರಿಯುತ್ತಿದೆ ಎಂದುಕೋ; ಅದು ಗಂಟೆಗೆ ಸುಮಾರು 11 ಕಿ.ಮೀ. ಹತ್ತು ಕಿ.ಮೀ. ಓಡುವ ನಿನ್ನ ಬೋಟು ಪೂರ್ತಿ ಎಂಜಿನ್ ಕೊಟ್ಟರೂ ಹಿಂದೆ ಹಿಂದೆಯೇ ಬರುತ್ತದೆ. ಇದಕ್ಕೆ ಪರಿಹಾರ ದೊಡ್ಡ ಎಂಜಿನ್ ಅಲ್ಲ. ಸೆಳವಿನ ನಡುವೆ ಹೋಗುವುದು ತರಬೇತಾದ ಪಡೆಗಳ, ಗಾಳಿ ತುಂಬಿದ ರಬ್ಬರ್ ದೋಣಿಗಳ ಕೆಲಸ ಎಂದು ಒಪ್ಪಿಕೊಳ್ಳುವುದೇ ಪರಿಹಾರ. ಮಳಖೇಡದ ಸೇತುವೆಯ ಮೇಲೆ ನೀರು ಹಾಯುವಾಗ ಅಲ್ಲಿಗೆ ಫೈಬರ್ ಬೋಟು ಒಯ್ಯುವುದು ಧೈರ್ಯವಲ್ಲ. ಹಾಗೆಂದು ನಿನ್ನ ಬೋಟು ವ್ಯರ್ಥವಲ್ಲ. ನೆರೆ ಬಂದಾಗ ಊರಿನ ಹಿಂಬದಿ ಹೊಲಗಳಲ್ಲಿ ಹರಿವಿಲ್ಲದೆ ನಿಲ್ಲುವ ನೀರಿನಲ್ಲಿ ಹಾಲು, ಔಷಧ, ಬಾಣಂತಿ, ಮುದುಕರನ್ನು ದಾಟಿಸಲು ಹತ್ತೋ ಹದಿನೈದೋ ಎಚ್‌ಪಿಯ ಬೋಟು ಬೇಕಾದಷ್ಟಾಯಿತು. ಕೆಸರು ನೀರು ಎಳೆದುಕೊಳ್ಳುವ ಎಂಜಿನ್ನಿನ ಪಂಪಿನ ರಬ್ಬರ್ ಚಕ್ರ ಬೇಗ ಸವೆಯುತ್ತದೆ, ಅದಕ್ಕೊಂದು ಹೆಚ್ಚುವರಿ ಇಟ್ಟುಕೋ. ತೊಳೆಯಲು ಬೋರಿನ ಗಡಸು ನೀರು ಬಳಸಿದರೆ ಒಳದಾರಿಗಳಲ್ಲಿ ಸುಣ್ಣ ಕಟ್ಟುತ್ತದೆ, ಮಳೆನೀರು ಹಿಡಿದಿಟ್ಟು ತೊಳೆ. ಚಂದ್ರಂಪಳ್ಳಿಯ ಮಾತೇ ಬೇರೆ. ಅದು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದ ಒಳಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಬೋಟು ಇಳಿಸುವ ಯೋಚನೆಯೂ ಬೇಡ. ಅನುಮತಿ ಸಿಕ್ಕರೂ ಪೆಟ್ರೋಲ್ ಎಂಜಿನ್ನಿನ ಸದ್ದು, ನೀರಿಗೆ ಬೀಳುವ ಎಣ್ಣೆ ಆ ಜಾಗಕ್ಕೆ ಸಲ್ಲದು. ಅಲ್ಲಿಗೆ ಬ್ಯಾಟರಿ ಮೋಟಾರೇ ಸರಿ. 3 ಕಿಲೋವ್ಯಾಟಿನ ಮೋಟಾರು ಎರಡು ತಾಸು ಓಡಲು 6 ಯೂನಿಟ್ ಕರೆಂಟು ಬೇಕು. ಲಿಥಿಯಂ ಬ್ಯಾಟರಿಯಲ್ಲಿ ಅದು ಇಬ್ಬರು ಎತ್ತಿಡುವಷ್ಟು ತೂಕ. ಅಷ್ಟೇ ಕೆಲಸಕ್ಕೆ ಹಳೆಯ ಸೀಸದ ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗಿಳಿಸದೆ ಬಳಸುವುದಾದರೆ ಮುನ್ನೂರು ಕಿಲೋ ದಾಟುತ್ತದೆ. ಮತ್ತೆ ನಾವು ತೂಕಕ್ಕೇ ಬಂದೆವು ನೋಡು.

ಇದಕ್ಕೆಲ್ಲ ಖರ್ಚು ಮಾಡುವ ಬದಲು ಹೊಸ ಬೋಟನ್ನೇ ಕೊಳ್ಳಬಹುದಲ್ಲ ಎಂಬ ಆಕ್ಷೇಪವೂ ಇದೆ. ಕೆಲವು ಸಲ ಅದೇ ಸರಿ. ಟ್ರಾನ್ಸಮ್ಮೂ ತೊಲೆಗಳೂ ಒಟ್ಟಿಗೆ ಕೊಳೆತಿದ್ದು, ಒಡಲು ಬದಿಗಳಲ್ಲಿ ಮೆತ್ತಗಾಗಿದ್ದರೆ ಆ ಬೋಟನ್ನು ಬಿಟ್ಟುಬಿಡು. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅವುಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ದುರಸ್ತಿಗೆ ಅರ್ಥವಿದೆ. ಸುಸ್ಥಿತಿಯ ಒಡಲಿಗೆ ಎಂಜಿನ್ ಮಾತ್ರ ಬದಲಿಸುವುದು ಹೊಸ ವಿಚಾರವೇನಲ್ಲ. ನಮ್ಮ ಕರಾವಳಿಯ ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನುಗಳನ್ನು ತೆಗೆದು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಕೊಳ್ಳಲು 2023ರ ರಾಜ್ಯ ಬಜೆಟ್ಟು ತಲಾ 50 ಸಾವಿರ ರೂಪಾಯಿ ಸಹಾಯಧನ ಪ್ರಕಟಿಸಿತು. ಅಲ್ಲಿಯ ಮೀನುಗಾರನಿಗೆ ತನ್ನ ದೋಣಿಯ ಒಡಲು ದಿನವೂ ಕೈಗೆ ಸಿಗುತ್ತದೆ, ಅದರ ಆರೋಗ್ಯ ಅವನಿಗೆ ಗೊತ್ತು. ನಿನಗೆ ಸಿಗುವುದು ಯಾರೋ ಬಿಟ್ಟುಹೋದ ಬೋಟು. ಆದ್ದರಿಂದಲೇ ಅವನಿಗೆ ಬೇಕಿಲ್ಲದ ಪರೀಕ್ಷೆ ನಿನಗೆ ಬೇಕು.

ಕೊನೆಯದು ನೀರಿಗಿಳಿಸುವ ದಿನ. ಹೊಸದಾಗಿ ಕೂಡಿಸಿದ ಎಂಜಿನ್ನನ್ನು ಜನ ಸೇರಿದ ಕಡೆ, ಜಾತ್ರೆಯ ದಿನ, ಉದ್ಘಾಟನೆಯ ನೆಪದಲ್ಲಿ ಪರೀಕ್ಷಿಸಬೇಡ. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆಗೆ ಇಳಿದಿದ್ದ ನೌಕಾಪಡೆಯ ವೇಗದ ದೋಣಿ ಹತೋಟಿ ತಪ್ಪಿ ಪ್ರಯಾಣಿಕರ ದೋಣಿಗೆ ಗುದ್ದಿ 15 ಜೀವಗಳು ಹೋದವು. ನುರಿತವರ ಕೈಯಲ್ಲೇ ಹಾಗಾದರೆ ನಾವು ಎಷ್ಟು ಎಚ್ಚರವಿರಬೇಕು. ಖಾಲಿ ನೀರಿನಲ್ಲಿ, ದಂಡೆಗೆ ಹಗ್ಗ ಕಟ್ಟಿಕೊಂಡೇ ಮೊದಲು ಎಂಜಿನ್ ಓಡಿಸು. ಚಾಲಕನ ಮೈಗೆ ಕಟ್ಟಿದ ಕಿಲ್ ಸ್ವಿಚ್ಚಿನ ದಾರ ಕಿತ್ತರೆ ಎಂಜಿನ್ ಕೂಡಲೇ ನಿಲ್ಲುತ್ತದೆಯೇ ನೋಡು. ಜನರ ಬದಲು ಉಸುಕಿನ ಚೀಲ ತುಂಬಿಸಿ, ಪೂರ್ತಿ ವೇಗದಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ ಮುಟ್ಟುತ್ತದೆಂದು ಬರೆದುಕೋ; ಕಂಪನಿ ಹೇಳಿದ ಮಿತಿಗಿಂತ ಕೆಳಗೇ ನಿಂತರೆ ಪ್ರೊಪೆಲರಿನ ಪಿಚ್ ಹೆಚ್ಚಾಗಿದೆ, ಮೇಲೆ ಹೋದರೆ ಕಡಿಮೆಯಾಗಿದೆ. ಎಂಜಿನ್ ಸಾಲದು ಎಂಬ ದೂರು ಎಷ್ಟೋ ಸಲ ಪ್ರೊಪೆಲರ್ ಬದಲಿಸಿದರೆ ತೀರುತ್ತದೆ. ಯಂತ್ರದ ದೋಣಿಗೆ 2021ರ ಒಳನಾಡು ಜಲನೌಕೆ ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿ ಆಗಬೇಕು; ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಡುವಾಗ ಕಾಟಾದ ಚೀಟಿ, ಟ್ರಾನ್ಸಮ್ ಬಿಚ್ಚಿದಾಗಿನ ಮತ್ತು ಕಟ್ಟಿದ ಮೇಲಿನ ಫೋಟೋಗಳು, ಪ್ಲೈವುಡ್ಡಿನ ಬಿಲ್ಲು, ಉಸುಕಿನ ಚೀಲದ ಪರೀಕ್ಷೆಯ ಟಿಪ್ಪಣಿ ಎಲ್ಲವೂ ಜೊತೆಯಲ್ಲಿರಲಿ. ಅವನ್ನು ಇಂದಿನಿಂದಲೇ ಒಂದು ಫೈಲಿನಲ್ಲಿ ಕೂಡಿಡಲು ಶುರುಮಾಡು.